ಹೊಗೆ ಕುಡಿದವರ ಕಥೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಾವು ಊರ ಸುದ್ದಿಗೆ ಬಳಸುತ್ತೇವೆಯೇ ಹೊರತು ಅಡಿಗೆಮನೆಗಲ್ಲ. ಅಡಿಗೆಮನೆಯ ಹೊಗೆಗೆ ಗಾದೆಯ ಸಾಕ್ಷಿ ಬೇಕಿರಲಿಲ್ಲ. ಅದು ಮನೆಯ ಹೆಂಗಸರ ಕಣ್ಣಲ್ಲೇ ಇರುತ್ತಿತ್ತು. ಈಗಿನ ಪೇಟೆಯ ಮಕ್ಕಳಿಗೆ ಹೊಗೆ ಎಂದರೆ ಬಸ್ಸಿನದು, ಲಾರಿಯದು. ತರಗತಿಯಲ್ಲಿ ಪಾಠದ ನಡುವೆ 'ಊದುಗೊಳವೆ' ಎಂಬ ಮಾತು ಬಂದರೆ ಅದೊಂದು ವಾದ್ಯವಿರಬೇಕೆಂದು ತಿಳಿಯುವ ಮಕ್ಕಳಿದ್ದಾರೆ. ಕೇಳಿ ನಗು ಬಂದರೂ ಒಳಗೊಳಗೇ ಸಂತೋಷವೂ ಆಗುತ್ತದೆ. ಮರೆತುಹೋದರೇ ಒಳ್ಳೆಯದು ಎನ್ನುವಂಥ ಕೆಲವು ವಸ್ತುಗಳು ಲೋಕದಲ್ಲಿವೆ.

ಹೀಗೆ ನಾವು ಪಾಡುಪಟ್ಟು ಮನೆಯಿಂದ ಹೊರಗಟ್ಟಿದ ಹೊಗೆಯನ್ನು ದುಡ್ಡು ಕೊಟ್ಟು ಕೊಂಡು ತರುವವರೂ ಇದ್ದಾರೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಮೆರಿಕದಲ್ಲಿ. ಷಿಕಾಗೊ ಬಳಿಯ ಊರೊಂದರಲ್ಲಿ ನನ್ನ ತಂಗಿಯ ಮಗಳ ಸಂಸಾರವಿದೆ. ಶಾಲೆಗೆ ಬೇಸಿಗೆ ರಜೆಯಿದ್ದಾಗ ಒಮ್ಮೆ ಅಲ್ಲಿಗೆ ಹೋಗಿದ್ದೆ. ಆ ದೇಶದ ಜನರ ಲೆಕ್ಕದಲ್ಲಿ ಬೇಸಿಗೆಯೆಂದರೆ ಮೇ ತಿಂಗಳ ಕೊನೆಯ ಸೋಮವಾರದ ರಜೆಯಿಂದ ಸೆಪ್ಟೆಂಬರಿನ ಮೊದಲ ಸೋಮವಾರದ ರಜೆಯವರೆಗೆ. ಆ ದಿನಗಳಲ್ಲಿ ಮನೆಯೊಳಗೆ ಒಲೆ ಹಚ್ಚಿ ಸೆಕೆ ಮಾಡಿಕೊಳ್ಳುವುದೇಕೆಂದು ಹಿತ್ತಿಲಿನಲ್ಲೇ ಅಡಿಗೆ. ಅದರಲ್ಲೂ ಇಡೀ ಕೋಳಿಯನ್ನು ಹೊಗೆಯಲ್ಲಿ ಬೇಯಿಸುವುದು ತೀರ ಸುಲಭದ ಊಟವಂತೆ.

ವಿಧಾನವನ್ನೂ ಹೇಳಿಬಿಡುತ್ತೇನೆ. ಎರಡು ಕಿಲೋದ ಒಳಗಿನ ಇಡೀ ಕೋಳಿಯನ್ನು ಹಿಂದಿನ ರಾತ್ರಿಯೇ ಉಪ್ಪು, ಸ್ವಲ್ಪ ಸಕ್ಕರೆ ಕರಗಿಸಿದ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡುತ್ತಾರೆ. ಮರುದಿನ ನೀರು ಬಸಿದು, ಒತ್ತಿ ಒರೆಸಿ, ಎಣ್ಣೆ, ಮೆಣಸಿನ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ ಸವರುತ್ತಾರೆ. ಮುಚ್ಚಳವಿರುವ ಗುಂಡನೆಯ ಲೋಹದ ಒಲೆಯ ಒಂದು ಪಕ್ಕಕ್ಕೆ ಮಾತ್ರ ಇದ್ದಿಲ ಕೆಂಡ, ಇನ್ನೊಂದು ಪಕ್ಕದಲ್ಲಿ ಜಾಲರಿಯ ಮೇಲೆ ಕೋಳಿ. ಕೆಂಡದ ಮೇಲೆ ಹಿಕ್ಕರಿ ಮರದ್ದೋ ಸೇಬಿನ ಮರದ್ದೋ ನಾಲ್ಕು ಚೂರು ಹಾಕಿ ಮುಚ್ಚಿಬಿಟ್ಟರೆ ಆಯಿತು. ಒಳಗಿನ ಶಾಖ 120ರಿಂದ 135 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಮೂರು ಗಂಟೆ ಬೇಕು. ತೊಡೆಯ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಮುಟ್ಟಿದೆಯೇ ಎಂದು ನೋಡಿಯೇ ಇಳಿಸುತ್ತಾರೆ. ಕಣ್ಣಿನ ಅಂದಾಜು ಇಲ್ಲಿ ನಡೆಯದು. ಹೊಗೆಯ ಅನಿಲಗಳು ಮಾಂಸದ ಬಣ್ಣವನ್ನು ಹಿಡಿದಿಡುವುದರಿಂದ, ಚೆನ್ನಾಗಿ ಬೆಂದ ಕೋಳಿಯೂ ಚರ್ಮದ ಕೆಳಗೆ ನಸುಗೆಂಪಾಗಿಯೇ ಕಾಣುತ್ತದೆ.

ಆ ಒಲೆಯ ಕಾವಲಿಗೆ ನಿಂತವನು ನಮ್ಮ ಅಳಿಯ. ನಾನು ಮುಚ್ಚಳಕ್ಕೆ ಕೈಹಾಕಿದ್ದೇ, "ದೊಡ್ಡಮ್ಮ, ತೆಗೀಬೇಡಿ. ಒಂದು ಸಲ ತೆಗೆದರೆ ಶಾಖವೆಲ್ಲ ಹೋಗುತ್ತೆ" ಎಂದ.

"ಅಲ್ಲಪ್ಪ, ನಿಮ್ಮಮ್ಮ ಒಲೆ ಊದು ಅಂದರೆ ತೋಟಕ್ಕೆ ಓಡಿಹೋಗ್ತಿದ್ದೆಯಂತೆ?" ಎಂದು ಕೇಳಿದೆ.

"ಅದು ಅಡಿಗೆ ದೊಡ್ಡಮ್ಮ, ಇದು ಹವ್ಯಾಸ" ಎಂದು ನಕ್ಕ.

ಕೋಳಿ ನಿಜವಾಗಿಯೂ ರುಚಿಯಾಗಿತ್ತು. ಆದರೆ ಅವನ ಆ ಮಾತು ರುಚಿಗಿಂತ ಹೆಚ್ಚು ದಿನ ನನ್ನ ಜೊತೆ ಉಳಿಯಿತು. ಅಡಿಗೆಯಾಗಿದ್ದದ್ದು ಹವ್ಯಾಸವಾಗಲು ಏನೇನು ಆಗಬೇಕಾಯಿತು, ಅದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಹುಡುಕಿ ಓದುತ್ತ ಹೋದಂತೆ ಆ ಕೋಳಿಯ ಬೆನ್ನಿಗೆ ದೊಡ್ಡದೊಂದು ಚರಿತ್ರೆಯೇ ಇರುವುದು ಕಂಡಿತು.

ಮೊದಲು ಹೊಗೆಯ ಗುಣವನ್ನು ನೋಡಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಉರಿಯುವಾಗ ಒಡೆದು ಫೀನಾಲ್ ಜಾತಿಯ ರಾಸಾಯನಿಕಗಳಾಗುತ್ತದೆ. ಹೊಗೆಯ ಪರಿಮಳ ಮುಖ್ಯವಾಗಿ ಅವುಗಳದ್ದು. ಅವು ಕ್ರಿಮಿಗಳನ್ನು ತಡೆಯುತ್ತವೆ, ಕೊಬ್ಬು ಕಮಟು ಹಿಡಿಯದಂತೆ ಕಾಯುತ್ತವೆ. ಉಪ್ಪು ಸವರಿ, ಒಣಗಿಸಿ, ದಿನಗಟ್ಟಲೆ ಹೊಗೆಯಲ್ಲಿ ತೂಗುಹಾಕಿದ ಮಾಂಸ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಅಳಿಯ ಮಾಡಿದ ಕೋಳಿ ಹಾಗಲ್ಲ. ಅದು ಬಿಸಿ ಹೊಗೆಯಲ್ಲಿ ಬೆಂದದ್ದು, ಉಳಿದರೆ ಫ್ರಿಜ್ಜಿಗೇ ಹೋಗಬೇಕು. ಅಲ್ಲಿ ಹೊಗೆ ಬರಿಯ ರುಚಿಗೆ. ಆದರೆ ಮನುಷ್ಯ ಸಾವಿರಾರು ವರ್ಷ ಹೊಗೆಯನ್ನು ನಂಬಿದ್ದು ರುಚಿಗಾಗಿ ಅಲ್ಲ, ನಾಳೆಯ ಊಟಕ್ಕಾಗಿ.

ಕೊಲಂಬಸ್ ಹೋಗಿ ಇಳಿದ ಕೆರಿಬಿಯನ್ ದ್ವೀಪಗಳಲ್ಲಿ ಟೈನೋ ಎಂಬ ಮೂಲನಿವಾಸಿಗಳಿದ್ದರು. ಕೋಲುಗಳ ಅಟ್ಟಣೆ ಕಟ್ಟಿ ಅದರ ಮೇಲೆ ಮೀನು, ಮಾಂಸ ಇಟ್ಟು ಕೆಳಗಿನಿಂದ ಬೆಂಕಿ, ಹೊಗೆ ಕೊಡುವ ಪದ್ಧತಿ ಅವರದು. ಆ ಅಟ್ಟಣೆಯ ಹೆಸರನ್ನು ಸ್ಪೇನಿನವರು 16ನೆಯ ಶತಮಾನದಲ್ಲಿ 'ಬಾರ್ಬಕೋವಾ' ಎಂದು ಬರೆದುಕೊಂಡರು. ಇಂದಿನ 'ಬಾರ್ಬೆಕ್ಯೂ' ಅದರಿಂದ ಬಂದದ್ದು. ಇಂಥದೇ ಇನ್ನೊಂದು ಅಟ್ಟಣೆಗೆ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ನುಡಿಯಿಂದ ಫ್ರೆಂಚರು ಎತ್ತಿಕೊಂಡ ಹೆಸರು 'ಬುಕಾನ್'. ದ್ವೀಪಗಳಲ್ಲಿ ಕಾಡುದನ, ಕಾಡುಹಂದಿ ಬೇಟೆಯಾಡಿ ಹೊಗೆ ಹಾಕಿ ಹಡಗಿನವರಿಗೆ ಮಾರುತ್ತಿದ್ದವರು 'ಬುಕಾನಿಯರ್'ಗಳಾದರು. ಅವರೇ ಮುಂದೆ ಕಡಲುಗಳ್ಳತನಕ್ಕೆ ಇಳಿದದ್ದರಿಂದ ಆ ಹೆಸರಿಗೆ ಕಡಲುಗಳ್ಳ ಎಂಬ ಅರ್ಥವೇ ನಿಂತಿತು. ಪದಗಳು ಉಳಿದವು, ಪದ ಕೊಟ್ಟ ಟೈನೋ ಜನ ರೋಗ, ಜೀತ, ಹಿಂಸೆಗಳಿಗೆ ಸಿಕ್ಕು ಕೆಲವೇ ದಶಕಗಳಲ್ಲಿ ನುಗ್ಗಾದರು.

ಅಮೆರಿಕದ ದಕ್ಷಿಣದ ಸೀಮೆಗಳಲ್ಲಿ ಈ ಕೆಲಸ ಗುಲಾಮರ ಪಾಲಿಗೆ ಬಂತು. ವರ್ಜೀನಿಯದಂಥ ಕಡೆ ದೊಡ್ಡ ಜಮೀನುದಾರರ ಮನೆಯ ಹಿಂದೆ ಹೊಗೆಮನೆ ಎಂಬ ಪುಟ್ಟ ಕಟ್ಟಡ ಇರುತ್ತಿತ್ತು. ಚಳಿಗಾಲದಲ್ಲಿ ಕೊಯ್ದ ಹಂದಿಯ ಮಾಂಸವನ್ನು ಉಪ್ಪಿನಲ್ಲಿಟ್ಟು ಅಲ್ಲಿ ತೂಗುಹಾಕುತ್ತಿದ್ದರು. ಹಬ್ಬ, ಚುನಾವಣೆಯ ಸಭೆಗಳಿಗೆ ನೆಲದಲ್ಲಿ ಉದ್ದನೆಯ ಗುಂಡಿ ತೋಡಿ, ರಾತ್ರಿಯಿಡೀ ಕೆಂಡ ಕಾದು ಮಾಂಸ ಬೇಯಿಸುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು, ಹೊಗಳಿಸಿಕೊಳ್ಳುತ್ತಿದ್ದವರು ಒಡೆಯರು. 1936ರಿಂದ 1938ರವರೆಗೆ ಅಮೆರಿಕ ಸರ್ಕಾರ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬದುಕಿದ್ದ ಮುದುಕ ಮುದುಕಿಯರ ಹೇಳಿಕೆಗಳನ್ನು ಬರೆಸಿಟ್ಟಿತು. ಅವುಗಳಲ್ಲಿ ನಿದ್ದೆಗೆಟ್ಟು ಗುಂಡಿ ಕಾದ ರಾತ್ರಿಗಳ ನೆನಪುಗಳೂ ಇವೆ. ಬಿಡುಗಡೆಯಾದವರು ವರ್ಜೀನಿಯದಲ್ಲಿ ಕಟ್ಟಿಕೊಂಡ ಫ್ರೀಟೌನ್ ಎಂಬ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಎಡ್ನಾ ಲೂಯಿಸ್ 1976ರಲ್ಲಿ ತಮ್ಮ ಹಳ್ಳಿಯ ಅಡಿಗೆಯ ಬಗ್ಗೆ ಪುಸ್ತಕ ಬರೆದರು. ಅಮೆರಿಕದ ದಕ್ಷಿಣದ ಅಡಿಗೆಯೆಂದು ಲೋಕ ಕೊಂಡಾಡುವುದರಲ್ಲಿ ಕಪ್ಪು ಜನರ ಕೈ ಎಷ್ಟಿದೆಯೆಂದು ಬಹಳ ಮಂದಿಗೆ ತಿಳಿದದ್ದು ಅಂಥ ಪುಸ್ತಕಗಳಿಂದ.

ಇಷ್ಟೆಲ್ಲ ಹೊಗೆಯಲ್ಲಿ ಹೆಚ್ಚಾಗಿ ಬೆಂದದ್ದು ಹಂದಿ, ದನ. ಕೋಳಿ ಆಗ ಅಪರೂಪ. ಮೊಟ್ಟೆಗಾಗಿ ಸಾಕಿದ ಹೇಂಟೆಯನ್ನು ಸುಮ್ಮನೆ ಕೊಯ್ಯುವವರಾರು? ಅಲ್ಲಿಯೂ ಕೋಳಿ ಹೆಂಗಸರ ಸೊತ್ತು. ಗಂಡಸರು ಹೊಲ, ದನ ನೋಡಿಕೊಂಡರೆ ಕೋಳಿಗೆ ಕಾಳು ಹಾಕಿ, ಮೊಟ್ಟೆ ಮಾರಿ, ಆ ಪುಡಿಕಾಸಿನಲ್ಲಿ ಮನೆಯ ಬಟ್ಟೆಬರೆ, ಮಕ್ಕಳ ಪುಸ್ತಕ ನೋಡಿಕೊಳ್ಳುವವರು ಹೆಂಗಸರು. ನಮ್ಮ ಹಳ್ಳಿಗಳ ಕಥೆಯೇನೂ ಬೇರೆಯಲ್ಲ.

ಆ ಕಥೆಗೆ ತಿರುವು ಬಂದದ್ದೂ ಒಬ್ಬ ಹೆಂಗಸಿನಿಂದಲೇ. ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನಲ್ಲಿ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ 1923ರಲ್ಲಿ ಮೊಟ್ಟೆಗಾಗಿ 50 ಮರಿಗಳನ್ನು ತರಿಸಿದಳು. ಕಳಿಸಿದವರು ತಪ್ಪಿ 500 ಮರಿ ಕಳಿಸಿಬಿಟ್ಟರು. ಹಿಂದಕ್ಕೆ ಕಳಿಸದೆ, ಪುಟ್ಟದೊಂದು ಮರದ ಕೊಟ್ಟಿಗೆ ಕಟ್ಟಿಸಿ ಸಾಕಿದಳು. ಉಳಿದ 387 ಕೋಳಿಗಳು ತಲಾ ಎರಡು ಪೌಂಡು, ಅಂದರೆ ಕಿಲೋಗೆ ತುಸು ಕಡಿಮೆ ತೂಗಿದಾಗ, ಮಾಂಸಕ್ಕೆಂದೇ ಪೌಂಡಿಗೆ 62 ಸೆಂಟಿನಂತೆ ಮಾರಿದಳು. ಮಾಂಸಕ್ಕಾಗಿ ಕೋಳಿ ಸಾಕುವುದು ಲಾಭದ ಕೆಲಸವೆಂದು ಗೊತ್ತಾಯಿತು. 1926ರ ಹೊತ್ತಿಗೆ 10,000 ಕೋಳಿ ಹಿಡಿಸುವ ಶೆಡ್ಡು ಅವಳದಾಗಿತ್ತು. ಸುತ್ತಲಿನ ಊರುಗಳೆಲ್ಲ ಅದೇ ದಾರಿ ಹಿಡಿದವು. 1940ರಲ್ಲಿ ದೋಣಿ ಅವಘಡದಲ್ಲಿ ಗಂಡಹೆಂಡಿರಿಬ್ಬರೂ ತೀರಿಕೊಂಡರು. ಅವಳ ಮೊದಲ ಕೊಟ್ಟಿಗೆಯನ್ನು ಮಾತ್ರ ಅಮೆರಿಕದವರು ಕಾಪಾಡಿದ್ದಾರೆ. 1974ರಲ್ಲಿ ಅದನ್ನು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು.

ಮುಂದಿನದು ಕಂಪೆನಿಗಳ ಕಾಲ. ಹೆಚ್ಚು ಮಾಂಸದ ಕೋಳಿ ತಳಿಗಾಗಿ ಅಮೆರಿಕದಲ್ಲಿ 1940ರ ದಶಕದಲ್ಲಿ 'ನಾಳೆಯ ಕೋಳಿ' ಎಂಬ ಹೆಸರಿನ ಸ್ಪರ್ಧೆಯನ್ನೇ ಏರ್ಪಡಿಸಿದರು. 1948ರಲ್ಲಿ ಅದರ ಅಂತಿಮ ಸುತ್ತು ನಡೆಯಿತು. 1925ರಲ್ಲಿ ಸುಮಾರು 112 ದಿನ ಸಾಕಿದರೆ ಒಂದು ಕಿಲೋಗೆ ತುಸು ಹೆಚ್ಚು ತೂಗುತ್ತಿದ್ದ ಕೋಳಿ, ಈಗ ಅಲ್ಲಿ 50 ದಿನ ತುಂಬುವ ಮೊದಲೇ ಎರಡೂವರೆ ಕಿಲೋ ದಾಟುತ್ತದೆ. ಕೋಳಿ ಅಗ್ಗವಾಯಿತು, ಹೆಂಗಸರ ಪುಡಿಕಾಸಿನ ಆದಾಯ ಕೈತಪ್ಪಿತು. ತನ್ನ ಮೈಭಾರವನ್ನು ತಾನೇ ಹೊರಲಾರದ ಹಕ್ಕಿಯ ಪಾಡು ಬೇರೆ. ನಾಲ್ಕು ಜನರ ಊಟಕ್ಕೆ ಇಡೀ ಕೋಳಿಯೊಂದನ್ನು ಹೊಗೆಗೆ ಇಡುವ ಧೈರ್ಯ ಬಂದದ್ದು ಈ ಅಗ್ಗದಿಂದ.

ಹೊಗೆಯೂ ಅಷ್ಟರಲ್ಲಿ ಹಿತ್ತಿಲಿಗೆ ಬರಲು ಸಿದ್ಧವಾಗುತ್ತಿತ್ತು. ಅಲಬಾಮ ರಾಜ್ಯದ ಡಿಕೇಟರ್ ಊರಿನಲ್ಲಿ ಬಾಬ್ ಗಿಬ್ಸನ್ ಎಂಬ ರೈಲ್ವೆ ನೌಕರ 1925ರಲ್ಲಿ ಹಿಕ್ಕರಿ ಹೊಗೆಯ ಕೋಳಿಯನ್ನು ಮಾರಲು ತೊಡಗಿ ಹೆಸರಾದ. ಮೇಯನೀಸ್ ಮತ್ತು ವಿನಿಗರ್ ಕೂಡಿಸಿದ ಬಿಳಿಯ ಸಾಸಿನಲ್ಲಿ ಕೋಳಿಯನ್ನು ಅದ್ದಿ ಕೊಡುವುದು ಅವನ ವೈಶಿಷ್ಟ್ಯ. ಅದೇ ಕಾಲದಲ್ಲಿ ಮೋಟಾರು ತಯಾರಕ ಹೆನ್ರಿ ಫೋರ್ಡ್, ಕಾರಿಗೆ ಬೇಕಾದ ಮರ ಕೊಯ್ದು ಉಳಿದ ಚಕ್ಕೆಗಳನ್ನು ಸುಟ್ಟು ಇದ್ದಿಲ ಬಿಲ್ಲೆಗಳನ್ನು ಮಾಡಿಸಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ. 1952ರಲ್ಲಿ ಷಿಕಾಗೊದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನಲ್ಲಿ ಹಡಗುಗಳಿಗೆ ಗುರುತಾಗಿ ತೇಲಿಬಿಡುವ ಲೋಹದ ಗುಂಡನ್ನು ಎರಡು ಹೋಳು ಮಾಡಿ, ಕೆಳಹೋಳನ್ನು ಒಲೆಯಾಗಿಯೂ ಮೇಲ್ಹೋಳನ್ನು ಮುಚ್ಚಳವಾಗಿಯೂ ಮಾಡಿದ. ನಮ್ಮ ಅಳಿಯನ ಹಿತ್ತಿಲಿನ ಒಲೆ ಅದರ ಸಂತಾನವೇ.

ಇಸವಿಯನ್ನು ಗಮನಿಸಿ. 1952ರ ಹೊತ್ತಿಗೆ ಆ ದೇಶದ ಬಹುಪಾಲು ಮನೆಗಳೊಳಗೆ ಗ್ಯಾಸಿನ ಅಥವಾ ವಿದ್ಯುತ್ತಿನ ಒಲೆಯಿತ್ತು, ಫ್ರಿಜ್ಜಿತ್ತು. ಆಹಾರ ಕಾಯಲು ಹೊಗೆ ಬೇಕಿರಲಿಲ್ಲ, ಬೇಯಿಸಲು ಸೌದೆ ಬೇಕಿರಲಿಲ್ಲ. ಎರಡೂ ಅಗತ್ಯಗಳು ತೀರಿದ ಮೇಲೆ ಹೊಗೆ ಸಂತೋಷವಾಗಿ ಮರಳಿತು. ಮರಳಿದಾಗ ಅದರ ಪಕ್ಕದಲ್ಲಿ ಏಪ್ರನ್ ಕಟ್ಟಿ ನಿಂತವರು ಗಂಡಸರು. ಆ ಕಾಲದ ಜಾಹೀರಾತುಗಳಲ್ಲೆಲ್ಲ ಅವರದೇ ಚಿತ್ರ. ಒಳಗಿನ ದಿನದ ಮೂರು ಹೊತ್ತಿನ ಅಡಿಗೆ ಯಾರದೆಂದು ಕೇಳುವ ಅಗತ್ಯವಿಲ್ಲ.

ಇಲ್ಲಿ ನನಗೆ ನಮ್ಮಮ್ಮನ ಅಡಿಗೆಮನೆಯನ್ನು ನೆನೆಯದೆ ವಿಧಿಯಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಲೆಯ ಮೇಲೆ ಅಟ್ಟವಿತ್ತು. ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆಯಲ್ಲಿ ಬಿಸಿಲಿನ ಕೆಲಸವನ್ನೆಲ್ಲ ಆ ಅಟ್ಟವೇ ಮಾಡಬೇಕು. ಒಣಮೀನು, ಕೊಬ್ಬರಿ, ಮೆಣಸಿನಕಾಯಿ, ಮುಂದಿನ ವರ್ಷದ ಬೀಜ, ಹುಳ ಹಿಡಿಯಬಾರದೆಂದು ಹೊಸ ಬುಟ್ಟಿ, ಎಲ್ಲವೂ ಹೊಗೆಯ ಆಶ್ರಯದಲ್ಲಿ. ಕೊಡಗಿನ ಮನೆಗಳಲ್ಲಿ ಹಂದಿಮಾಂಸದ ಪಟ್ಟಿಗಳನ್ನು ಹೀಗೆಯೇ ಒಲೆಯ ಮೇಲೆ ಕಟ್ಟಿ ಒಣಗಿಸುತ್ತಿದ್ದರು. ಟೈನೋ ಜನರ ಅಟ್ಟಣೆಗೂ ನಮ್ಮ ಅಟ್ಟಕ್ಕೂ ಕೆಲಸ ಒಂದೇ. ಕೋಳಿಯನ್ನು ಮಾತ್ರ ನಮ್ಮಲ್ಲಿ ಹೊಗೆಗೆ ಕಟ್ಟುತ್ತಿರಲಿಲ್ಲ. ಪುಕ್ಕ ಕಿತ್ತು, ಉಳಿದ ಕೂದಲು ಹೋಗುವಂತೆ ಉರಿಯ ಮೇಲೆ ಹಿಡಿದು ಸುಟ್ಟರೆ ಹೊಗೆಯ ಸಂಬಂಧ ಮುಗಿಯಿತು. ಒಂದು ನಾಟಿ ಕೋಳಿ, ಹದಿನಾಲ್ಕು ಬಾಯಿ. ನೀರು ಹೊಯ್ದು ಸಾರು ಮಾಡಿ ಕಡುಬಿನ ಜೊತೆ ಬಡಿಸದಿದ್ದರೆ ಎಲ್ಲರಿಗೂ ಮುಟ್ಟುವುದು ಹೇಗೆ?

ಮಳೆಗಾಲದ ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಅಮ್ಮ ಊದುಗೊಳವೆ ಹಿಡಿದು ಬಗ್ಗಿದರೆ ಹೊಗೆಯೊಳಗಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ಗೋಡೆ ಕಪ್ಪು, ಜಂತೆ ಕಪ್ಪು, ತೊಲೆಯಿಂದ ಇಲ್ಲಣ ಜೋಲುತ್ತಿತ್ತು. ಅಮ್ಮನಿಗೆ ಅರವತ್ತಾಗುವ ಮೊದಲೇ ದಮ್ಮು ಹಿಡಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಬೀಡಿ ಸೇದುತ್ತೀರೇನಮ್ಮ?" ಎಂದರು. ಅಮ್ಮ ನಾಚಿಕೆಯಿಂದ ಸೆರಗು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಇಲ್ಲಪ್ಪ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಒಲೆ ಊದ್ತೀನಿ" ಎಂದಳು.

ಅಮ್ಮನಂಥವರು ಊದಿದ್ದು ಎಷ್ಟು ಹೊಗೆ ಎಂದು ಲೋಕ ಅಳೆದು ನೋಡಿದ್ದೂ ತಡವಾಗಿಯೇ. ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಉಸಿರಿಗೆ ಸಿಗುವ ಗಾಳಿಯನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ಮೇಲೆ, ಅಡಿಗೆಯ ಹೊಗೆಯೂ ರೋಗಕಾರಣವೆಂಬ ಮಾತು ವಿಜ್ಞಾನದ ಪತ್ರಿಕೆಗಳಲ್ಲಿ ಗಟ್ಟಿಯಾಗಿ ಕೇಳತೊಡಗಿತು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆಗಳು, ಮಕ್ಕಳ ನ್ಯುಮೋನಿಯ, ಕಣ್ಣಿನ ಪೊರೆ ಇವುಗಳಿಗೆಲ್ಲ ಒಲೆಯ ಹೊಗೆಯ ನಂಟಿದೆಯೆಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಹೊಗೆಯಿಲ್ಲದ ಒಲೆಗಾಗಿ ತಲೆಕೆಡಿಸಿಕೊಂಡವರು ಅದಕ್ಕೂ ಮೊದಲೇ ಇದ್ದರು. ಗಾಂಧೀಜಿಯ ಗ್ರಾಮೋದ್ಯೋಗದ ಬಳಗದಿಂದ ವಾರ್ಧಾದಲ್ಲಿ 1947ರಲ್ಲಿ ಮಗನ್ ಒಲೆ ಬಂತು. 1953ರಲ್ಲಿ ಹೈದರಾಬಾದಿನ ಎಸ್.ಪಿ. ರಾಜು ಕೊಳವೆಯಿರುವ ಮಣ್ಣಿನ ಒಲೆಯ ಬಗ್ಗೆ ಪುಸ್ತಕವನ್ನೇ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಹೊಗೆ ಕೊಳವೆಯ ಅಸ್ತ್ರ ಒಲೆಯನ್ನು ರೂಪಿಸಿತು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1983ರಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೂ ಅಸ್ತ್ರ ಒಲೆ ಬಂತು. ಸೌದೆ ಕಡಿಮೆ ಸಾಕಾಯಿತು, ಹೊಗೆ ಹೆಂಚಿನ ಮೇಲಕ್ಕೆ ಹೋಯಿತು. ಅಮ್ಮನ ಎದೆಗೆ ಮಾತ್ರ ಅದು ಇಪ್ಪತ್ತು ವರ್ಷ ತಡವಾಗಿ ಬಂದಿತ್ತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡಮನೆಗಳಿಗೆ ಹೆಂಗಸರ ಹೆಸರಿನಲ್ಲೇ ಗ್ಯಾಸ್ ಸಂಪರ್ಕ ಬಂತು. ಆದರೆ ಸಿಲಿಂಡರಿನ ದುಡ್ಡು ಹೊಂದಿಸಲಾಗದೆ ಸೌದೆಯನ್ನೂ ಉರಿಸುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ.

ಅಮೆರಿಕದ ಹಿತ್ತಿಲಿನ ಕೋಳಿಯನ್ನೂ ಅಮ್ಮನ ಅಡಿಗೆಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ಬೇಡವೆನಿಸಿದಾಗ ಎದ್ದುಹೋಗಬಲ್ಲವರಿಗೆ ಮಾತ್ರ ಹೊಗೆ ರುಚಿ. ಗುಂಡಿ ಕಾದ ಗುಲಾಮ ಎದ್ದುಹೋಗುವಂತಿರಲಿಲ್ಲ, ಅಮ್ಮನೂ ಎದ್ದುಹೋಗುವಂತಿರಲಿಲ್ಲ. ನಮ್ಮ ಅಳಿಯ ಮುಚ್ಚಳ ಮುಚ್ಚಿ ಕುರ್ಚಿ ಎಳೆದುಕೊಂಡು ನೆರಳಿಗೆ ಹೋದ. ಅದು ಅವನ ತಪ್ಪಲ್ಲ, ಅವನ ಕಾಲದ ಪುಣ್ಯ. ಆದರೆ ಇತ್ತೀಚೆಗೆ ನಮ್ಮ ಕಡೆಯೂ ರಸ್ತೆ ಬದಿಯ ಹೋಟೆಲುಗಳಲ್ಲಿ 'ಸೌದೆ ಒಲೆಯ ಊಟ' ಎಂಬ ಬೋರ್ಡು ಕಂಡಾಗ, ಒಳಗೆ ಆ ಒಲೆಯ ಮುಂದೆ ಯಾರಿದ್ದಾರೆ, ಅಲ್ಲಿ ಕೊಳವೆಯಿದೆಯೇ ಎಂದು ಒಮ್ಮೆ ಇಣುಕಿ ನೋಡುವ ಅಭ್ಯಾಸ ನನಗಾಗಿದೆ.

ಹೊಗೆಯ ಪರಿಮಳ ಬೇಕೆನ್ನುವವರು ಪೇಟೆಯ ಮನೆಯಲ್ಲೂ ಮಾಡಿಕೊಳ್ಳಬಹುದು. ಉತ್ತರ ಭಾರತದವರ ಧುಂಗಾರ್ ಪದ್ಧತಿ ಇದಕ್ಕೆ ಸುಲಭ. ಮಸಾಲೆ ಸವರಿ ಪೂರ್ತಿ ಬೇಯಿಸಿದ ಕೋಳಿಯ ನಡುವೆ ಪುಟ್ಟ ಸ್ಟೀಲ್ ಬಟ್ಟಲಿಟ್ಟು, ನಿಗಿನಿಗಿ ಕೆಂಡವೊಂದನ್ನು ಅದರಲ್ಲಿ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ ಐದು ನಿಮಿಷ ಬಿಟ್ಟರೆ ಸಾಕು. ಕಿಟಕಿ ತೆರೆದಿರಲಿ, ಕೆಂಡದ ವಿಷಾನಿಲಕ್ಕೆ ವಾಸನೆಯಿಲ್ಲ. ಇಡೀ ಕೋಳಿಯನ್ನೇ ಹೊಗೆಯಲ್ಲಿ ಬೇಯಿಸುವುದಾದರೆ ಅಂಗಳಕ್ಕೋ ತಾರಸಿಗೋ ಹೋಗಿ, ಗಂಡಸರ ಕೈಗೆ ಇಕ್ಕಳ ಕೊಡಿ.

ಸಿಸಿಲ್ ಸ್ಟೀಲಳ ಕೊಟ್ಟಿಗೆಯನ್ನು ಆ ದೇಶ ಕಾಪಾಡಿದೆ. ನಮ್ಮ ಮಸಿ ಹಿಡಿದ ಅಡಿಗೆಮನೆಗಳನ್ನು ನಾವು ಕೆಡವಿ ಟೈಲ್ಸ್ ಹಾಕಿಸಿದ್ದೇವೆ. ಹೋದದ್ದು ಒಳ್ಳೆಯದೇ ಆಯಿತು; ಅವನ್ನು ಕಾಪಾಡಬೇಕೆಂದು ನಾನು ಹೇಳಲಾರೆ. ಆದರೆ ಅಲ್ಲಿ ಬಗ್ಗಿ ಊದಿದವರ ಚರಿತ್ರೆಯನ್ನು ಯಾರೂ ಬರೆದಿಲ್ಲ. ನಿಮ್ಮ ಮನೆಯಲ್ಲಿ ತಾಯಿಯೋ ಅತ್ತೆಯೋ ಅಜ್ಜಿಯೋ ಇದ್ದರೆ, ಸೌದೆ ಒಲೆ ಹೋಗಿ ಗ್ಯಾಸು ಬಂದದ್ದು ಯಾವ ವರ್ಷ, ಅದನ್ನು ತರಿಸಿದವರು ಯಾರು, ಅಂದಿನ ಮೊದಲ ಅಡಿಗೆ ಏನು ಎಂದು ಕೇಳಿ ನೋಡಿ. ಸ್ವಾತಂತ್ರ್ಯ ಬಂದ ಇಸವಿಯನ್ನು ಹೇಳಲು ತಡವರಿಸುವ ಅಜ್ಜಿಯೂ ಗ್ಯಾಸು ಬಂದ ದಿನವನ್ನು ಥಟ್ಟನೆ ಹೇಳುತ್ತಾಳೆ. ಅದನ್ನು ಒಂದು ಕಡೆ ಬರೆದಿಡಿ.